ಸೋಫಾದ ಮೇಲೆ ಮಲಗಿಸಿ ಮನಸ್ಸು ಓದುತ್ತಾರಾ? ಥೆರಪಿಯ ನಿಯಮಗಳ ಹಿಂದಿರುವ ಫ್ರಾಯ್ಡ್ ಕಥೆ

ಥೆರಪಿ ಎಂದ ಕೂಡಲೇ ಹಲವರ ಕಣ್ಮುಂದೆ ಬರುವ ಚಿತ್ರ ಒಂದೇ. ಉದ್ದನೆಯ ಸೋಫಾದ ಮೇಲೆ ಮಲಗಿದ ರೋಗಿ, ತಲೆಯ ಹಿಂದೆ ನೋಟ್‌ಬುಕ್ ಹಿಡಿದು ಕೂತ ಗಡ್ಡದ ಡಾಕ್ಟರು. ಹಿಪ್ನಾಟಿಸಂ ಮಾಡಿ ಮನಸ್ಸಿನ ಗುಟ್ಟೆಲ್ಲ ಹೊರಗೆಳೆಯುತ್ತಾರೆ ಎಂಬ ನಂಬಿಕೆ ಬೇರೆ. ಈ ಕಲ್ಪನೆಗೆ ಹೆದರಿಯೇ ಮೊದಲ ಅಪಾಯಿಂಟ್‌ಮೆಂಟ್ ಮುಂದೂಡುತ್ತಾ ಹೋಗುವವರಿದ್ದಾರೆ.

ಆ ಗಡ್ಡದ ಡಾಕ್ಟರು ಸಿಗ್ಮಂಡ್ ಫ್ರಾಯ್ಡ್. ಅವರ ಬದುಕನ್ನು ಸರಿಯಾಗಿ ನೋಡಿದರೆ ಈ ಚಿತ್ರದಲ್ಲಿ ಅರ್ಧ ಸುಳ್ಳು ಎಂದು ತಿಳಿಯುತ್ತದೆ. ಫೀಸು, ಸಮಯ, ಮಾತಿನ ಸ್ವಾತಂತ್ರ್ಯದ ಬಗ್ಗೆ ಇಂದು ಖಾಸಗಿ ಥೆರಪಿಸ್ಟ್ ಮೊದಲ ದಿನ ಹೇಳುವ ಹಲವು ಮಾತುಗಳನ್ನು ಅವರು ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಇನ್ನು ಕೆಲವು ನಿಯಮಗಳು ಅವರು ಮಾಡಿದಂಥ ತಪ್ಪುಗಳು ಮತ್ತೆ ಆಗಬಾರದು ಎಂದು ಬಂದವು.

ಸಂಬಳ ಸಾಲದೆ ತೆರೆದ ಕ್ಲಿನಿಕ್

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಇಂದಿನ ಚೆಕ್ ಗಣರಾಜ್ಯದಲ್ಲಿರುವ ಒಂದು ಸಣ್ಣ ಊರಿನಲ್ಲಿ. ತಂದೆ ಉಣ್ಣೆಯ ವ್ಯಾಪಾರಿ. ಮಗುವಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಯಹೂದಿ ಕುಟುಂಬ ವಿಯೆನ್ನಾಕ್ಕೆ ಬಂತು. ಫ್ರಾಯ್ಡ್ 1881ರಲ್ಲಿ ವೈದ್ಯರಾದರು. ಅವರಿಗೆ ಇಷ್ಟವಿದ್ದದ್ದು ಲ್ಯಾಬಿನಲ್ಲಿ ಕೂತು ಸಂಶೋಧನೆ ಮಾಡುವುದು. ಆದರೆ ಮರುವರ್ಷ ಮಾರ್ಥಾ ಎಂಬುವರ ಜೊತೆ ಮದುವೆ ನಿಶ್ಚಯವಾಯಿತು. ಲ್ಯಾಬಿನ ದುಡಿಮೆಯಲ್ಲಿ ಸಂಸಾರ ಸಾಗುವಂತಿರಲಿಲ್ಲ. ಹಾಗಾಗಿ ಆಸ್ಪತ್ರೆ ಸೇರಿದರು. ಪ್ಯಾರಿಸ್‌ನಲ್ಲಿ ನರರೋಗ ತಜ್ಞ ಶಾರ್ಕೋ ಅವರ ಬಳಿ ಕೆಲವು ತಿಂಗಳು ಕಲಿತು, 1886ರಲ್ಲಿ ವಿಯೆನ್ನಾದಲ್ಲಿ ಸ್ವಂತ ಕ್ಲಿನಿಕ್ ತೆರೆದರು.

ಆಗ ನರದೌರ್ಬಲ್ಯ ಎಂದು ಬಂದವರಿಗೆ ಕೊಡುತ್ತಿದ್ದ ಚಿಕಿತ್ಸೆ ಏನು ಗೊತ್ತಾ? ಸಣ್ಣ ಪ್ರಮಾಣದ ಕರೆಂಟ್, ಸ್ನಾನ, ಮಸಾಜ್, ವಿಶ್ರಾಂತಿ. ಫ್ರಾಯ್ಡ್ ಕೂಡ ಇದನ್ನೇ ಮಾಡಿದರು. ಹೆಚ್ಚು ಪ್ರಯೋಜನ ಕಾಣದಿದ್ದಾಗ ಹಿಪ್ನಾಟಿಸಂ ಹಿಡಿದರು.

ಹಿಪ್ನಾಟಿಸಂ ಬಿಟ್ಟದ್ದೇಕೆ?

ಹಿಪ್ನಾಟಿಸಂ ಎಲ್ಲರ ಮೇಲೂ ಕೆಲಸ ಮಾಡಲಿಲ್ಲ. ಕೆಲಸ ಮಾಡಿದರೂ ಪರಿಣಾಮ ಬಹಳ ದಿನ ಉಳಿಯುತ್ತಿರಲಿಲ್ಲ. ಅದೇ ಹೊತ್ತಿಗೆ, ಮಧ್ಯೆ ಪ್ರಶ್ನೆ ಕೇಳಬೇಡಿ, ನಾನು ಹೇಳುವುದನ್ನು ಹೇಳಲು ಬಿಡಿ ಎಂದು ಒಬ್ಬ ಮಹಿಳೆ ಅವರನ್ನು ತಡೆದರು. ಫ್ರಾಯ್ಡ್ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. 1890ರ ದಶಕ ಮುಗಿಯುವ ಮುನ್ನವೇ ಹಿಪ್ನಾಟಿಸಂ ಕೈಬಿಟ್ಟು, ರೋಗಿಗೆ ಮನಸ್ಸಿಗೆ ಬಂದದ್ದನ್ನು ಮಾತನಾಡಲು ಬಿಡುವ ದಾರಿ ಹಿಡಿದರು.

ಮಾತಿನಿಂದ ಒಂದೇ ಏಟಿಗೆ ಗುಣವಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಫ್ರಾಯ್ಡ್ ಅವರ ಹಿರಿಯ ಸ್ನೇಹಿತ ಬ್ರಾಯರ್ 1880ರಿಂದ 1882ರವರೆಗೆ ಬರ್ಥಾ ಪಾಪನ್‌ಹೈಮ್ ಎಂಬ ಯುವತಿಗೆ ಮಾತಿನ ಮೂಲಕ ಚಿಕಿತ್ಸೆ ಕೊಟ್ಟರು. ಪುಸ್ತಕಗಳಲ್ಲಿ ಇದು ಪವಾಡದಂತೆ ಪ್ರಸಿದ್ಧವಾಯಿತು. ನಿಜದಲ್ಲಿ ಅದಾದ ಮೇಲೂ ಆಕೆ ಹಲವು ಬಾರಿ ಆಸ್ಪತ್ರೆ ಸೇರಬೇಕಾಯಿತು. ನಿಧಾನವಾಗಿ ಚೇತರಿಸಿಕೊಂಡು ಮುಂದೆ ಜರ್ಮನಿಯಲ್ಲಿ ಹೆಸರಾಂತ ಸಮಾಜ ಸೇವಕಿಯಾದರು.

ಸೋಫಾ ಬಂದದ್ದು ಹೀಗೆ

1891ರಲ್ಲಿ ಫ್ರಾಯ್ಡ್ ಕುಟುಂಬ ವಿಯೆನ್ನಾದ ಬರ್ಗ್‌ಗಾಸೆ ಬೀದಿಯ 19ನೇ ನಂಬರಿನ ಮನೆಗೆ ಬಂತು. ಮುಂದಿನ 47 ವರ್ಷ ಅದೇ ಅವರ ವಿಳಾಸ. ಅಲ್ಲಿದ್ದ ಪ್ರಸಿದ್ಧ ಸೋಫಾ ಒಬ್ಬ ರೋಗಿ ಕೊಟ್ಟ ಉಡುಗೊರೆ. ಮಲಗಿಸುವ ಪದ್ಧತಿ ಹಿಪ್ನಾಟಿಸಂ ಕಾಲದಿಂದ ಉಳಿದು ಬಂದದ್ದು. ಹಿಂದೆ ಕೂರಲು ಫ್ರಾಯ್ಡ್ ಕೊಟ್ಟ ಒಂದು ಕಾರಣವೂ ಸರಳ: ದಿನಕ್ಕೆ ಎಂಟು ಗಂಟೆ ಯಾರಾದರೂ ಮುಖವನ್ನೇ ನೋಡುತ್ತಿದ್ದರೆ ಅವರಿಗೆ ಸಹಿಸಲು ಆಗುತ್ತಿರಲಿಲ್ಲ.

ಇನ್ನು ನೋಟ್‌ಬುಕ್? ಸೆಷನ್ ನಡೆಯುವಾಗ ಬರೆಯುತ್ತಾ ಕೂರಬಾರದು, ಗಮನ ತಪ್ಪುತ್ತದೆ ಎಂಬುದು ಅವರ ಸಲಹೆ. ಬರೆಯುವುದನ್ನು ಸಂಜೆ ನೆನಪಿನಿಂದ ಬರೆಯುತ್ತಿದ್ದರು. ಇಂದು ಹೆಚ್ಚಿನ ಥೆರಪಿಸ್ಟ್‌ಗಳು ಎದುರುಬದುರು ಕುರ್ಚಿಯಲ್ಲೇ ಕೂರುತ್ತಾರೆ. ನೀವು ಮಲಗಬೇಕಿಲ್ಲ, ಕಣ್ಣು ಮುಚ್ಚಬೇಕಿಲ್ಲ.

ಮೊದಲ ದಿನದ ಮಾತುಕತೆ

1913ರಲ್ಲಿ ಫ್ರಾಯ್ಡ್ ಚಿಕಿತ್ಸೆ ಶುರು ಮಾಡುವ ಬಗೆಯನ್ನೇ ವಿವರಿಸಿ ಒಂದು ಲೇಖನ ಬರೆದರು. ಮೊದಲ ಒಂದೆರಡು ವಾರ ಪರೀಕ್ಷೆಗೆಂದೇ ಮೀಸಲು, ಈ ಚಿಕಿತ್ಸೆ ಆ ವ್ಯಕ್ತಿಗೆ ಹೊಂದುತ್ತದೆಯೇ ಎಂದು ನೋಡಲು. ನಂತರ ಒಬ್ಬೊಬ್ಬರಿಗೂ ಒಂದು ನಿಶ್ಚಿತ ಗಂಟೆ. ಬಾರದಿದ್ದರೂ ಆ ಗಂಟೆಯ ಫೀಸು ಕೊಡಬೇಕು. ದುಡ್ಡಿನ ವಿಷಯ ಸಂಕೋಚವಿಲ್ಲದೆ ಮೊದಲೇ ಮಾತನಾಡಬೇಕು. ಎಷ್ಟು ದಿನ ಹಿಡಿಯುತ್ತದೆ ಎಂದು ಮುಂಚಿತವಾಗಿ ಹೇಳಲಾಗದು.

ಇಂದು ಖಾಸಗಿ ಥೆರಪಿಸ್ಟ್ ಬಳಿ ಹೋದರೂ ಮೊದಲ ಭೇಟಿ ಬಹುಪಾಲು ಹೀಗೇ ಇರುತ್ತದೆ. ಏಕೆ ಬಂದಿರಿ, ಎಷ್ಟು ದಿನದಿಂದ ಹೀಗಿದೆ, ನಿದ್ದೆ ಹೇಗಿದೆ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಹಿಂದೆ ಚಿಕಿತ್ಸೆ ಪಡೆದಿದ್ದೀರಾ ಎಂದು ಕೇಳುತ್ತಾರೆ. ಸೆಷನ್ ಸಾಮಾನ್ಯವಾಗಿ 45ರಿಂದ 60 ನಿಮಿಷ. ಫ್ರಾಯ್ಡ್ ವಾರಕ್ಕೆ ಆರು ದಿನ ಬರಹೇಳುತ್ತಿದ್ದರು, ಈಗ ವಾರಕ್ಕೊಮ್ಮೆ ಎಂಬುದು ರೂಢಿ. ಅಪಾಯಿಂಟ್‌ಮೆಂಟ್ ತಪ್ಪಿಸಿದರೆ ಫೀಸು ಕೊಡಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಅದು ದುರಾಸೆಯ ಪ್ರಶ್ನೆಯಲ್ಲ. ನಿಮಗಾಗಿ ಇಟ್ಟ ಗಂಟೆಯನ್ನು ಅವರು ಬೇರೆಯವರಿಗೆ ಕೊಟ್ಟಿರುವುದಿಲ್ಲ.

ಹಾಗೆಂದು ಥೆರಪಿ ದುಡ್ಡಿದ್ದವರಿಗೆ ಮಾತ್ರ ಎಂದು ಫ್ರಾಯ್ಡ್ ನಂಬಿರಲಿಲ್ಲ. ಕೆಲವರನ್ನು ಉಚಿತವಾಗಿ ನೋಡುತ್ತಿದ್ದರು. ಬಡವರಿಗೂ ಈ ಚಿಕಿತ್ಸೆ ಸಿಗಬೇಕು ಎಂದು 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾಷಣ ಮಾಡಿದರು. ಅವರ ಅನುಯಾಯಿಗಳು 1920ರಲ್ಲಿ ಬರ್ಲಿನ್‌ನಲ್ಲೂ 1922ರಲ್ಲಿ ವಿಯೆನ್ನಾದಲ್ಲೂ ಅಂಥ ಕ್ಲಿನಿಕ್ ತೆರೆದರು.

ಅವರು ಎಡವಿದ್ದೆಲ್ಲಿ?

1900ರಲ್ಲಿ 18 ವರ್ಷದ ಯುವತಿಯೊಬ್ಬಳನ್ನು ತಂದೆ ಫ್ರಾಯ್ಡ್ ಬಳಿ ಕರೆತಂದರು. ಫ್ರಾಯ್ಡ್ ಬರಹಗಳಲ್ಲಿ ಆಕೆಯ ಹೆಸರು ಡೋರಾ. ಕುಟುಂಬದ ಸ್ನೇಹಿತನೊಬ್ಬ ತನ್ನ ಜೊತೆ ಕೆಟ್ಟದಾಗಿ ನಡೆದುಕೊಂಡ ಎಂದು ಆಕೆ ಹೇಳಿದ್ದಳು. ನಿನಗೇ ಅವನ ಮೇಲೆ ಒಳಗೊಳಗೇ ಪ್ರೀತಿಯಿದೆ ಎಂದು ಫ್ರಾಯ್ಡ್ ತಮ್ಮ ವ್ಯಾಖ್ಯಾನವನ್ನು ಹೇರಿದರು. ಆಕೆ 11 ವಾರಕ್ಕೇ ಚಿಕಿತ್ಸೆ ಬಿಟ್ಟು ಹೋದಳು. 1905ರಲ್ಲಿ ಫ್ರಾಯ್ಡ್ ಆಕೆಯ ಒಪ್ಪಿಗೆ ಪಡೆಯದೆ, ಹೆಸರು ಮಾತ್ರ ಬದಲಿಸಿ, ಎಲ್ಲವನ್ನೂ ಪ್ರಕಟಿಸಿದರು. ಮುಂದೆ ಸ್ವಂತ ಮಗಳು ಆನ್ನಾಗೂ ಅವರೇ ಚಿಕಿತ್ಸೆ ಕೊಟ್ಟರು.

ಇಂದಿನ ವೃತ್ತಿ ನೀತಿಯಲ್ಲಿ ಇವು ಯಾವುದಕ್ಕೂ ಜಾಗವಿಲ್ಲ. ಥೆರಪಿಸ್ಟ್ ತಮ್ಮ ಮನೆಯವರಿಗೆ, ಆಪ್ತರಿಗೆ ಚಿಕಿತ್ಸೆ ಕೊಡುವಂತಿಲ್ಲ. ನೀವು ಹೇಳಿದ್ದು ಗೋಪ್ಯವಾಗಿರಬೇಕು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ಹಕ್ಕು ಎಂದೇ ಹೇಳುತ್ತದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಆ ಸಂದರ್ಭಗಳು ಯಾವುವು ಎಂದು ಮೊದಲ ದಿನವೇ ಕೇಳಬಹುದು. ಥೆರಪಿಸ್ಟ್ ಹೇಳಿದ್ದು ಸರಿ ಅನ್ನಿಸದಿದ್ದರೆ ಹಾಗೆಂದು ಹೇಳಬಹುದು, ಡೋರಾಳಂತೆ ಎದ್ದು ಬರಬಹುದು, ಬೇರೊಬ್ಬರನ್ನು ಹುಡುಕಬಹುದು.

ಕೊನೆಯ ವರ್ಷಗಳು

1923ರಲ್ಲಿ ಫ್ರಾಯ್ಡ್ ಅವರಿಗೆ ಬಾಯಿಯ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅವರು ಬಿಡದೆ ಸಿಗಾರ್ ಸೇದುತ್ತಿದ್ದವರು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಮಾತನಾಡುವುದೇ ಕಷ್ಟವಾಯಿತು. ಆದರೂ ರೋಗಿಗಳ ಮಾತು ಕೇಳುವುದು ನಿಲ್ಲಲಿಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡು ಮಗಳು ಆನ್ನಾಳನ್ನು ವಿಚಾರಣೆಗೆ ಎಳೆದೊಯ್ದಾಗ ದೇಶ ಬಿಡುವುದು ಅನಿವಾರ್ಯವಾಯಿತು. ಸೋಫಾ ಕೂಡ ಅವರೊಂದಿಗೆ ಲಂಡನ್ ಸೇರಿತು. ಅಲ್ಲಿ 1939ರ ಸೆಪ್ಟೆಂಬರ್ 23ರಂದು ತೀರಿಕೊಂಡರು.

ಫ್ರಾಯ್ಡ್ ಅವರ ಎಷ್ಟೋ ಸಿದ್ಧಾಂತಗಳನ್ನು ಇಂದಿನ ಮನೋವಿಜ್ಞಾನ ಒಪ್ಪುವುದಿಲ್ಲ. ಈಗ ಬಳಸುವ ಹಲವು ಥೆರಪಿ ವಿಧಾನಗಳು ಅವರ ನಂತರ ಬಂದವು. ಆದರೆ ನಿಗದಿತ ಸಮಯ, ಮೊದಲೇ ಮಾತಾದ ಫೀಸು, ಬಾಯಿಗೆ ಬಂದದ್ದು ಹೇಳಲು ಬಿಡುವ ಕೋಣೆ, ಗಮನವಿಟ್ಟು ಕೇಳುವ ಒಬ್ಬರು, ಇವಿಷ್ಟು ಹಾಗೇ ಉಳಿದಿವೆ.

ನೆನಪಿಡಿ

ಅಪಾಯಿಂಟ್‌ಮೆಂಟ್‌ಗೆ ಮೊದಲು ಥೆರಪಿಸ್ಟ್ ಓದಿರುವುದು ಏನು ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಮಾತ್ರೆ ಬರೆದುಕೊಡುವವರು ಮನೋವೈದ್ಯರು. ಖಾಸಗಿ ಫೀಸು ಕಷ್ಟವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.