ಹಣ್ಣಿನ ಲೆಕ್ಕದ ಫಾರ್ವರ್ಡ್ ಹೊಸದೇ? ಮಹಾವೀರಾಚಾರ್ಯರ ಬಗ್ಗೆ ನಿಜ ಎಷ್ಟು, ಸುಳ್ಳು ಎಷ್ಟು?

ಸೇಬು, ಬಾಳೆಹಣ್ಣಿನ ಚಿತ್ರ ಹಾಕಿ, ಬುದ್ಧಿವಂತರು ಮಾತ್ರ ಬಿಡಿಸಿ ಎನ್ನುವ ಲೆಕ್ಕ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇಂಥದ್ದೇ ಲೆಕ್ಕವನ್ನು ಸುಮಾರು 1,200 ವರ್ಷಗಳ ಹಿಂದೆ ಬರೆದು, ಬಿಡಿಸುವ ದಾರಿಯನ್ನೂ ಹೇಳಿಕೊಟ್ಟವರು ಮಹಾವೀರಾಚಾರ್ಯರು.

ಯಾರು ಇವರು?

ಹೆಸರು ಒಂದೇ ಆದರೂ ಇವರು ಜೈನರ 24ನೇ ತೀರ್ಥಂಕರ ಮಹಾವೀರರಲ್ಲ. ತೀರ್ಥಂಕರರು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು. ಗಣಿತಜ್ಞರಾದ ಇವರೂ ಜೈನರೇ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. 850ರ ಸುಮಾರಿಗೆ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರ ಆರಂಭದಲ್ಲೇ ಆ ದೊರೆಯನ್ನು ಹೊಗಳಿದ್ದಾರೆ.

ಆಗ ಗಣಿತ ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿರುತ್ತಿತ್ತು. ಇವರು ಗಣಿತಕ್ಕೇ ಒಂದು ಇಡೀ ಪುಸ್ತಕ ಕೊಟ್ಟರು. ಅಡುಗೆ, ವೈದ್ಯ, ಸಂಗೀತ, ಕಟ್ಟಡ ಎಲ್ಲಕ್ಕೂ ಲೆಕ್ಕ ಬೇಕು ಎಂಬುದು ಅವರ ನಿಲುವು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಕನ್ನಡ, ತೆಲುಗು ಎರಡೂ ಆಡುವ ನಗರಗೆರೆ ಕಡೆಯವರಿಗೆ ಇದು ಇಷ್ಟವಾಗುವ ಸಂಗತಿ.

ಲೆಕ್ಕ ಏನು?

9 ಮಾದಳ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಳ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

ಅವರ ದಾರಿ ಹೀಗಿದೆ:
• ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸಿ: 107 × 9 = 963
• ಚಿಕ್ಕದನ್ನು ಚಿಕ್ಕದರಿಂದ ಗುಣಿಸಿ: 101 × 7 = 707
• ಕಳೆಯಿರಿ: 256
• ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸ: 81 − 49 = 32
• ಭಾಗಿಸಿ: 256 ÷ 32 = 8

ಮಾದಳಕ್ಕೆ 8. ಒಂಬತ್ತಕ್ಕೆ 72 ಆಯಿತು, ಉಳಿದ 35 ಏಳು ಬೇಲದ್ದು. ಅಂದರೆ ಬೇಲಕ್ಕೆ 5.

ನಗರಗೆರೆಯ ಅಂಗಡಿಯಲ್ಲೂ ಇದು ನಡೆಯುತ್ತದೆ. 3 ಕಿಲೋ ಟೊಮೆಟೊ, 2 ಕಿಲೋ ಈರುಳ್ಳಿಗೆ 130 ರೂಪಾಯಿ. 2 ಕಿಲೋ ಟೊಮೆಟೊ, 3 ಕಿಲೋ ಈರುಳ್ಳಿಗೆ 120 ಎಂದುಕೊಳ್ಳಿ. ಟೊಮೆಟೊ 30, ಈರುಳ್ಳಿ 20. ಒಂದೇ ಚೀಟಿ ಇದ್ದರೆ ಉತ್ತರ ಹಲವು ಬರುತ್ತವೆ; ಎರಡು ಬೇಕೇ ಬೇಕು. ಎರಡರಲ್ಲೂ ದರ ಒಂದೇ ಇರಬೇಕು. ಅಳತೆಗಳು ಹೀಗೆ ಅದಲುಬದಲಾಗಿದ್ದರೆ ಮಾತ್ರ ಈ ಸೂತ್ರ ಸಲ್ಲುತ್ತದೆ.

ಯಾವುದನ್ನು ನಂಬಬಾರದು?

ಇಂಥ ಲೆಕ್ಕ ಜಗತ್ತಿನಲ್ಲೇ ಮೊದಲು ಬಿಡಿಸಿದವರು ಇವರು ಎಂದರೆ ತಪ್ಪು. ಒಂದಕ್ಕಿಂತ ಹೆಚ್ಚು ಅಜ್ಞಾತಗಳ ಸಮೀಕರಣಗಳನ್ನು ಬ್ರಹ್ಮಗುಪ್ತ 628ರಲ್ಲೇ ಚರ್ಚಿಸಿದ್ದ. ಇವರು ಎಲ್ಲೂ ಎಡವಲಿಲ್ಲ ಎನ್ನುವುದೂ ಸುಳ್ಳು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಬರೆದಿದ್ದರು, ಅದು ಸರಿಯಲ್ಲ. ಅವರ ಹುಟ್ಟಿದ ದಿನವಾಗಲಿ ಚಿತ್ರವಾಗಲಿ ದಾಖಲೆಯಲ್ಲಿಲ್ಲ. ಫೋಟೊ, ಜನ್ಮದಿನಾಂಕ ಸಮೇತ ಬರುವ ಸಂದೇಶವನ್ನು ಮುಂದೆ ಕಳಿಸಬೇಡಿ.

ಅವರು ಬಿಟ್ಟುಹೋದ ಹಣ್ಣಿನ ಲೆಕ್ಕವನ್ನು ಮಾತ್ರ ಯಾರು ಬೇಕಾದರೂ ಪೆನ್ನು ಹಿಡಿದು ಪರೀಕ್ಷಿಸಬಹುದು. ನಾವೂ ಮಾಡಿ ನೋಡಿದೆವು, ಸರಿಯಾಗಿದೆ. ಹಂಚುವುದಾದರೆ ಅದನ್ನೇ ಹಂಚಿ.