ಕುಲಪತಿ ಕುವೆಂಪು

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ ಕುವೆಂಪು ಅವರ ಹೆಸರು ಹೊತ್ತಾಗ ಅವರಿನ್ನೂ ಬದುಕಿದ್ದರು. ಅದನ್ನು ಕವಿಗೆ ಸಂದ ಗೌರವವೆಂದೇ ಭಾವಿಸುತ್ತೇವೆ. ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಮಾತ್ರ ಅವರೊಳಗಿನ ಆಡಳಿತಗಾರನೂ ಅಷ್ಟೇ ದೊಡ್ಡವನಾಗಿ ಕಾಣುತ್ತಾನೆ.

1904ರ ಡಿಸೆಂಬರ್ 29ರಂದು ಜನಿಸಿ, ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ ಬೆಳೆದ ಅವರು ಮೈಸೂರಿನಲ್ಲಿ ಓದುವಾಗ ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. ಐರಿಷ್ ಕವಿ ಜೇಮ್ಸ್ ಕಸಿನ್ಸರ ಸಲಹೆ ಅವರನ್ನು ಕನ್ನಡಕ್ಕೆ ಹೊರಳಿಸಿತು. 1929ರಲ್ಲಿ ಮಹಾರಾಜಾ ಕಾಲೇಜಿನ ಅಧ್ಯಾಪಕರಾದರು. 1956ರಿಂದ 1960ರವರೆಗೆ, ತಾವು ಓದಿದ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಕುಲಪತಿ. ಸ್ನಾತಕೋತ್ತರ ಅಧ್ಯಯನಕ್ಕೆ ಮಾನಸಗಂಗೋತ್ರಿಯೆಂಬ ನೆಲೆಯನ್ನೂ ಹೆಸರನ್ನೂ ಕೊಟ್ಟರು.

ವಿಜ್ಞಾನವನ್ನೂ ಕನ್ನಡದಲ್ಲಿಯೇ ಬೋಧಿಸಬೇಕೆಂಬುದು ಅವರ ಹಠ. ಇಂಗ್ಲಿಷಿನಲ್ಲಿ ನಪಾಸಾದ ಹಳ್ಳಿಯ ಮಕ್ಕಳು ವಿದ್ಯೆಯಿಂದಲೇ ದೂರವಾಗುವುದು ಅವರನ್ನು ಕಾಡುತ್ತಿತ್ತು. ಇದನ್ನು ಕವಿಯ ಭಾವಾವೇಶವೆಂದವರುಂಟು. ಅರ್ಥಶಾಸ್ತ್ರ ಓದಿದ ನನಗೆ ಇದು ಪ್ರತಿಭೆ ಪೋಲಾಗುವುದರ ಕಟು ಲೆಕ್ಕಾಚಾರ.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ನಿಧನರಾದ ಅವರ ಅಂತ್ಯಸಂಸ್ಕಾರ ಕುಪ್ಪಳಿಯಲ್ಲಿ ನಡೆಯಿತು. ಶಂಕರಘಟ್ಟದ ‘ಜ್ಞಾನಸಹ್ಯಾದ್ರಿ’ ಆವರಣಕ್ಕೆ ಮಲೆನಾಡಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಉನ್ನತ ವಿಜ್ಞಾನವನ್ನು ಇಂದಿಗೂ ಇಂಗ್ಲಿಷಿನಲ್ಲಿಯೇ ಓದುತ್ತಾರೆ.