ಅನಂತ ಪೈ

ಅನಂತ ಪೈ (೧೭ ಸೆಪ್ಟೆಂಬರ್ ೧೯೨೯ – ೨೪ ಫೆಬ್ರವರಿ ೨೦೧೧) ಭಾರತೀಯ ಚಿತ್ರಕಥಾ ಸಾಹಿತ್ಯದ ಪ್ರವರ್ತಕರಲ್ಲಿ ಪ್ರಮುಖರು. ಕರ್ನಾಟಕದ ಕಾರ್ಕಳದಲ್ಲಿ ಜನಿಸಿ ಮುಂಬಯಿಯಲ್ಲಿ ನೆಲೆಸಿದ್ದ ಇವರು ಅಮರ ಚಿತ್ರಕಥೆ ಮಾಲಿಕೆಯ ಸ್ಥಾಪಕ ಸಂಪಾದಕರು ಹಾಗೂ ಟಿಂಕಲ್ ಮಕ್ಕಳ ಪತ್ರಿಕೆಯ ಸಂಪಾದಕರು. ಓದುಗ ಮಕ್ಕಳ ನಡುವೆ ಅಂಕಲ್ ಪೈ ಎಂಬ ಹೆಸರಿನಿಂದಲೇ ಪ್ರಸಿದ್ಧರಾಗಿದ್ದರು. ಇವರು ವೃತ್ತಿಯಿಂದ ಚಿತ್ರಕಾರರಲ್ಲ. ಪುರಾಣ, ಇತಿಹಾಸ ಮತ್ತು ಜನಪದ ಕಥೆಗಳನ್ನು ಚಿತ್ರಕಥೆಯ ಚೌಕಟ್ಟಿಗೆ ಅಳವಡಿಸಿದ ಲೇಖಕರು ಮತ್ತು ಸಂಪಾದಕರು.

ಬಾಲ್ಯ ಮತ್ತು ಶಿಕ್ಷಣ

ಅನಂತ ಪೈ ಅವರ ತಂದೆ ವೆಂಕಟರಾಯ, ತಾಯಿ ಸುಶೀಲಾ. ಇವರು ಜನಿಸಿದಾಗ ಕಾರ್ಕಳವು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಈಗ ಅದು ಉಡುಪಿ ಜಿಲ್ಲೆಯಲ್ಲಿದೆ. ಎರಡನೆಯ ವಯಸ್ಸಿನಲ್ಲಿಯೇ ತಂದೆ ತಾಯಿಗಳಿಬ್ಬರನ್ನೂ ಕಳೆದುಕೊಂಡ ಇವರು ಬಂಧುಗಳ ಆಶ್ರಯದಲ್ಲಿ ಬೆಳೆದರು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ತೆರಳಿ, ಮಾಹಿಮ್‌ನ ಓರಿಯಂಟ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಮುಂದೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ ಹಾಗೂ ರಾಸಾಯನಿಕ ತಂತ್ರಜ್ಞಾನವನ್ನು ಅಭ್ಯಸಿಸಿದರು. ೧೯೬೧ರಲ್ಲಿ ಲಲಿತಾ ಅವರನ್ನು ವಿವಾಹವಾದರು.

ಪ್ರಕಾಶನ ಕ್ಷೇತ್ರ

ವಿಜ್ಞಾನದ ಪದವಿ ಪಡೆದಿದ್ದರೂ ಪೈ ಅವರ ಒಲವು ಪ್ರಕಾಶನದತ್ತ ಇತ್ತು. ೧೯೫೪ರಲ್ಲಿ ಮಾನವ್ ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರಾದರೂ ಅದು ಉಳಿಯಲಿಲ್ಲ. ಅನಂತರ ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗವನ್ನು ಸೇರಿದರು. ಆ ಸಂಸ್ಥೆಯು ೧೯೬೪ರ ಮಾರ್ಚ್ ತಿಂಗಳಲ್ಲಿ ಇಂದ್ರಜಾಲ ಕಾಮಿಕ್ಸ್ ಮಾಲಿಕೆಯನ್ನು ಪ್ರಾರಂಭಿಸಿತು. ಅಮೆರಿಕದ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಅದರ ಮುಖ್ಯ ನಾಯಕ. ಭಾರತದ ಮಕ್ಕಳು ಚಿತ್ರಕಥೆಗಳನ್ನು ಆಸಕ್ತಿಯಿಂದ ಓದುವರೆಂಬುದನ್ನು ಪೈ ಅಲ್ಲಿ ಹತ್ತಿರದಿಂದ ಕಂಡುಕೊಂಡರು. ಆದರೆ ಆ ಕಥೆಗಳಾವುವೂ ಭಾರತದವಾಗಿರಲಿಲ್ಲ.

೧೯೬೭ರ ಫೆಬ್ರವರಿಯಲ್ಲಿ ದೆಹಲಿಯಲ್ಲಿದ್ದಾಗ ಇವರು ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಸಲೀಸಾಗಿ ಉತ್ತರಿಸಿದ ಸ್ಪರ್ಧಿಗಳಿಗೆ ಶ್ರೀರಾಮನ ತಾಯಿಯ ಹೆಸರು ತಿಳಿದಿರಲಿಲ್ಲ. ಈ ಪ್ರಸಂಗವೇ ತಮ್ಮ ಮುಂದಿನ ಕಾರ್ಯಕ್ಕೆ ಪ್ರೇರಣೆಯೆಂದು ಇವರು ಹೇಳಿಕೊಂಡಿದ್ದರು. ಉದ್ಯೋಗವನ್ನು ತೊರೆದು, ಇಂಡಿಯಾ ಬುಕ್ ಹೌಸ್‌ನ ಜಿ. ಎಲ್. ಮೀರಚಂದಾನಿ ಅವರ ಬೆಂಬಲದೊಂದಿಗೆ ಅಮರ ಚಿತ್ರಕಥೆಯ ಕೆಲಸಕ್ಕೆ ತೊಡಗಿದರು.

ಕನ್ನಡದ ಮೊದಲ ಹತ್ತು ಪುಸ್ತಕಗಳು

ಅಮರ ಚಿತ್ರಕಥೆಯ ಹುಟ್ಟಿನಲ್ಲಿ ಬೆಂಗಳೂರಿನ ಪಾತ್ರವೂ ಇದೆ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಸಲಹೆಯಂತೆ ೧೯೬೫ರಲ್ಲಿ ಈ ಹೆಸರಿನ ಪುಸ್ತಕಗಳು ಮೊದಲಿಗೆ ಕನ್ನಡದಲ್ಲಿ ಹೊರಬಂದವು. ಆ ಹತ್ತು ಪುಸ್ತಕಗಳೂ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು. ಸಿಂಡ್ರೆಲಾ, ಸ್ನೋ ವೈಟ್, ಪಿನೋಕಿಯೊ, ಅಲ್ಲಾದೀನನ ದೀಪ ಮುಂತಾದವು ಅವುಗಳಲ್ಲಿದ್ದವು. ಇವುಗಳಲ್ಲಿ ಸ್ನೋ ವೈಟ್ (೧೯೩೭), ಪಿನೋಕಿಯೊ (೧೯೪೦) ಮತ್ತು ಸಿಂಡ್ರೆಲಾ (೧೯೫೦) ಕಥೆಗಳನ್ನು ವಾಲ್ಟ್ ಡಿಸ್ನಿಯ ಅನಿಮೇಷನ್ ಚಲನಚಿತ್ರಗಳು ಆ ವೇಳೆಗಾಗಲೇ ಜಗತ್ತಿಗೆಲ್ಲ ಪರಿಚಯಿಸಿದ್ದವು.

ಕನ್ನಡದ ಪುಸ್ತಕಗಳು ಚೆನ್ನಾಗಿ ಮಾರಾಟವಾದದ್ದು ಮುಂಬಯಿಯ ಪ್ರಧಾನ ಕಚೇರಿಗೆ ಧೈರ್ಯ ನೀಡಿತು. ಭಾರತೀಯ ವಸ್ತುವುಳ್ಳ ಮೊದಲ ಸಂಚಿಕೆಯಾದ ಕೃಷ್ಣ ಮಾಲಿಕೆಯಲ್ಲಿ ಹನ್ನೊಂದನೆಯ ಸಂಖ್ಯೆ ಪಡೆದುದಕ್ಕೆ ಇದೇ ಕಾರಣ. ಮಾಲಿಕೆಯ ಕೀರ್ತಿಯು ಬಹುಕಾಲ ಪೈ ಅವರೊಬ್ಬರ ಹೆಸರಿನೊಂದಿಗೇ ಬೆಸೆದುಕೊಂಡಿದ್ದರಿಂದ, ಅನಂತರಾಮ್ ಅವರ ಪಾಲು ಓದುಗರಿಗೆ ಹೆಚ್ಚಾಗಿ ತಿಳಿದಿಲ್ಲ.

ರಚನಾ ವಿಧಾನ

ಕೃಷ್ಣ ಸಂಚಿಕೆಯ ಚಿತ್ರಗಳನ್ನು ರಾಮ್ ವಾಯೀರ್ಕರ್ ರಚಿಸಿದರು. ಪ್ರತಾಪ್ ಮುಳಿಕ್, ದಿಲೀಪ್ ಕದಂ, ಸೌರೇನ್ ರಾಯ್, ಯೂಸುಫ್ ಬೆಂಗಳೂರ್‌ವಾಲಾ ಮೊದಲಾದವರು ಮಾಲಿಕೆಯ ಇತರ ಕಲಾವಿದರು. ಕಮಲಾ ಚಂದ್ರಕಾಂತ್ ಹಾಗೂ ಸುಬ್ಬರಾವ್ ಸಂಪಾದಕ ಮಂಡಲಿಯಲ್ಲಿದ್ದರು. ಸಾಮಾನ್ಯವಾಗಿ ಪ್ರತಿ ಕಥೆಯನ್ನು ೩೨ ಪುಟಗಳ ಮಿತಿಯಲ್ಲಿ ಮುಗಿಸಬೇಕಿತ್ತು. ಆದ್ದರಿಂದ ಮಹಾಕಾವ್ಯದ ಪ್ರಸಂಗವೊಂದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ಸಂಪಾದಕೀಯ ನಿರ್ಧಾರವೇ ಕಥೆಯ ಸ್ವರೂಪವನ್ನು ನಿರ್ಣಯಿಸುತ್ತಿತ್ತು. ರಾಜಾ ರವಿವರ್ಮನ ಚಿತ್ರಗಳು, ಕ್ಯಾಲೆಂಡರ್ ಕಲೆ ಮತ್ತು ಪೌರಾಣಿಕ ಚಲನಚಿತ್ರಗಳ ಪ್ರಭಾವ ಈ ಪುಸ್ತಕಗಳ ದೃಶ್ಯಶೈಲಿಯಲ್ಲಿ ಕಾಣುತ್ತದೆ. ಹಕ್ಕ ಬುಕ್ಕ, ಕೃಷ್ಣದೇವರಾಯ, ತೆನಾಲಿ ರಾಮ ಮತ್ತು ಟಿಪ್ಪು ಸುಲ್ತಾನ್ ಕುರಿತ ಸಂಚಿಕೆಗಳು ಕರ್ನಾಟಕದ ಇತಿಹಾಸಕ್ಕೆ ಸಂಬಂಧಿಸಿವೆ.

ಟಿಂಕಲ್ ಮತ್ತು ಇತರ ಕಾರ್ಯಗಳು

೧೯೬೯ರಲ್ಲಿ ಪೈ ಅವರು ಪತ್ರಿಕೆಗಳಿಗೆ ಚಿತ್ರಪಟ್ಟಿಗಳನ್ನು ಒದಗಿಸುವ ರಂಗ ರೇಖಾ ಫೀಚರ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಬಾಲವನ್ನು ಬೇಕಾದಷ್ಟು ಉದ್ದ ಬೆಳೆಸಬಲ್ಲ ಕಪೀಶ್ ಎಂಬ ಕೋತಿ ಹಾಗೂ ರಾಮು ಮತ್ತು ಶಾಮು ಎಂಬ ಅವಳಿಗಳು ಇವರ ಸೃಷ್ಟಿಗಳು. ೧೯೮೦ರಲ್ಲಿ ಟಿಂಕಲ್ ಆರಂಭವಾಯಿತು. ಆ ಹೆಸರನ್ನು ಸೂಚಿಸಿದವರು ಸುಬ್ಬರಾವ್. ಸುಪ್ಪಂದಿ ಪಾತ್ರವು ೧೯೮೩ರಲ್ಲಿ ಈ ಪತ್ರಿಕೆಯ ಮೂಲಕವೇ ಪರಿಚಯವಾಯಿತು. ಮಕ್ಕಳಿಂದ ಬರುತ್ತಿದ್ದ ಪತ್ರಗಳಿಗೆ ಪೈ ವಿಶೇಷ ಗಮನ ಕೊಡುತ್ತಿದ್ದರು.

ವಿಮರ್ಶೆ

ಅಮರ ಚಿತ್ರಕಥೆಯು ವ್ಯಾಪಕ ಜನಪ್ರಿಯತೆಯ ಜೊತೆಗೆ ಟೀಕೆಯನ್ನೂ ಎದುರಿಸಿತು. ದೇವತೆಗಳನ್ನು ಗೌರವರ್ಣದಲ್ಲಿಯೂ ಅಸುರರನ್ನು ಕಪ್ಪು ಬಣ್ಣದಲ್ಲಿಯೂ ಚಿತ್ರಿಸಿರುವುದು, ಸ್ತ್ರೀಪಾತ್ರಗಳನ್ನು ತ್ಯಾಗ ಮತ್ತು ಪಾತಿವ್ರತ್ಯದ ಚೌಕಟ್ಟಿನಲ್ಲಿ ನಿರೂಪಿಸಿರುವುದು, ಮೇಲ್ಜಾತಿಯ ಹಿಂದೂ ದೃಷ್ಟಿಯನ್ನೇ ಭಾರತದ ದೃಷ್ಟಿಯೆಂದು ಬಿಂಬಿಸಿರುವುದು ವಿದ್ವಾಂಸರ ಮುಖ್ಯ ಆಕ್ಷೇಪಗಳು. ಅಕ್ಬರ್, ನೂರ್ ಜಹಾನ್, ಚೋಖಾಮೇಳ, ಬಾಬಾಸಾಹೇಬ್ ಅಂಬೇಡ್ಕರ್ ಮುಂತಾದವರ ಕುರಿತ ಸಂಚಿಕೆಗಳೂ ಮಾಲಿಕೆಯಲ್ಲಿವೆ. ಒಂದು ಪುರಾಣಕ್ಕಿರುವ ಹಲವು ಪಾಠಗಳಲ್ಲಿ ಚಿತ್ರಕಥೆಯ ಪಾಠವೇ ಇಡೀ ತಲೆಮಾರಿನ ಮನಸ್ಸಿನಲ್ಲಿ ಸ್ಥಿರವಾಯಿತೆಂಬುದು ಈ ಚರ್ಚೆಯ ತಿರುಳು.

ಕೊನೆಯ ವರ್ಷಗಳು

೨೦೦೭ರಲ್ಲಿ ಅಮರ ಚಿತ್ರಕಥೆ ಮತ್ತು ಟಿಂಕಲ್ ಎರಡೂ ಎಸಿಕೆ ಮೀಡಿಯಾ ಸಂಸ್ಥೆಯ ಒಡೆತನಕ್ಕೆ ಬಂದವು. ೨೦೧೧ರ ಫೆಬ್ರವರಿ ೧೯ರಂದು ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್ ಸಮ್ಮೇಳನವು ಇವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ಘೋಷಿಸಿತು. ಐದು ದಿನಗಳ ಬಳಿಕ, ಫೆಬ್ರವರಿ ೨೪ರಂದು, ಪೈ ಅವರು ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು. ಅದೇ ವರ್ಷದ ಸೆಪ್ಟೆಂಬರ್ ೧೭ರಂದು, ಇವರ ೮೨ನೆಯ ಜನ್ಮದಿನದ ಸ್ಮರಣಾರ್ಥ, ಗೂಗಲ್ ಸಂಸ್ಥೆಯು ತನ್ನ ಭಾರತೀಯ ಪುಟದಲ್ಲಿ ಚಿತ್ರಕಥೆಯ ಮಾದರಿಯ ಡೂಡಲ್ ಪ್ರಕಟಿಸಿತು. ೨೦೧೨ರಲ್ಲಿ ಲವಕುಶರ ಕಥೆಯನ್ನಾಧರಿಸಿದ ಸನ್ಸ್ ಆಫ್ ರಾಮ್ ಎಂಬ ಅನಿಮೇಷನ್ ಚಲನಚಿತ್ರವನ್ನು ಎಸಿಕೆ ಬಿಡುಗಡೆ ಮಾಡಿತು.